ಮೇಷ್ಟ್ರಿಗೆ ವಯಸ್ಸಾಯಿತಂತೆ!

1996ನೇ ಇಸವಿ ಇನ್ನೇನು ಮುಗಿಯುತ್ತಿತ್ತು. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಸೌತ್ ಬೆಂಡ್ ಅಂತ ಒಂದು ಊರಿದೆ. ಅದರ ಪಕ್ಕದಲ್ಲೇ ನೋಟರ್ ಡೇಮ್ ವಿಶ್ವವಿದ್ಯಾನಿಲಯ. 1842ರಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಶುರು ಮಾಡಿದ್ದು. ಅಲ್ಲಿ ಒಬ್ಬ ಮೇಷ್ಟ್ರ ಕೆಲಸ ಹೋಯಿತು. ಪಾಠ ಹೇಳುವ ಮೇಷ್ಟ್ರಲ್ಲ, ಆಟ ಕಲಿಸುವ ಮೇಷ್ಟ್ರು. ಹೆಸರು ಜೋ ಮೂರ್. ವಯಸ್ಸು 64. ಹುದ್ದೆ, ಫುಟ್‌ಬಾಲ್ ತಂಡದ ಸಹಾಯಕ ಕೋಚ್.

ಕೆಲಸ ಹೋಗುವುದು ಏನು ಮಹಾ ಸುದ್ದಿ? ದಿನ ಬೆಳಗಾದರೆ ಯಾರದ್ದಾದರೂ ಹೋಗುತ್ತಲೇ ಇರುತ್ತದೆ. ಆದರೆ ಈ ಮೇಷ್ಟ್ರು ಗಂಟುಮೂಟೆ ಕಟ್ಟಿಕೊಂಡು ಸುಮ್ಮನೆ ಹೋಗಲಿಲ್ಲ. ವಕೀಲರನ್ನು ಹಿಡಿದರು. ಕೆಲಸ ಬಾರದು ಅಂತ ತೆಗೆದಿದ್ದರೆ ಮಾತಿರಲಿಲ್ಲ, ಮುದುಕನಾದೆ ಅಂತ ತೆಗೆದರು ಎಂದು ಫಿರ್ಯಾದು ಹಾಕಿದರು. ಎದುರಿಗೆ ನಿಂತದ್ದು ಸಾಮಾನ್ಯ ಆಸಾಮಿಯಲ್ಲ. ಅಮೆರಿಕದಲ್ಲಿ ನೋಟರ್ ಡೇಮ್ ಹೆಸರು ಹೇಳಿದರೆ ಫುಟ್‌ಬಾಲ್ ಗೊತ್ತಿಲ್ಲದವರೂ ತಲೆಯೆತ್ತಿ ನೋಡುತ್ತಾರೆ. ಅಂಥ ದೊಡ್ಡ ಮನೆಯ ಮೇಲೆ ಒಬ್ಬ ಸಹಾಯಕ ಕೋಚ್ ದಾವೆ ಹೂಡಿದ್ದು ಆ ದೇಶದ ಪತ್ರಿಕೆಗಳಿಗೆಲ್ಲ ಹಬ್ಬವಾಯಿತು.

ಕೇಸು ಏನಾಯಿತು ಎಂದು ತಿಳಿಯುವ ಮೊದಲು ಈ ಸಹಾಯಕ ಕೋಚ್ ಎಂಬ ಪ್ರಾಣಿ ಯಾವುದು, ಅವನ ಪಡಿಪಾಟಲು ಏನು ಎಂಬುದನ್ನು ಸ್ವಲ್ಪ ತಿಳಿಯಬೇಕು.

ಮೊದಲನೆಯದಾಗಿ, ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಮ್ಮ ಫುಟ್‌ಬಾಲ್ ಅಲ್ಲ. ಚೆಂಡು ತೆಂಗಿನಕಾಯಿಯ ಹಾಗೆ ಎರಡೂ ತುದಿ ಚೂಪು. ಕಾಲಿನಲ್ಲಿ ಒದೆಯುವುದು ಕಮ್ಮಿ, ಕಂಕುಳಲ್ಲಿ ಇಟ್ಟುಕೊಂಡು ಓಡುವುದೇ ಜಾಸ್ತಿ. ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಪ್ಯಾಡು. ಒಂದು ಕಡೆಗೆ ಹನ್ನೊಂದು ಜನ. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಗಜ ಗಜ ಅಳೆದುಕೊಂಡು ನೂರು ಗಜದ ಮೈದಾನದ ಆ ತುದಿ ಮುಟ್ಟುವುದೇ ಆಟ. ನಮ್ಮ ಕಬಡ್ಡಿ ನೋಡಿದವರಿಗೆ ಈ ಹಿಡಿದಾಟ, ತಳ್ಳಾಟ ಅಷ್ಟೇನೂ ಹೊಸದೆನಿಸದು.

ಈ ಹನ್ನೊಂದರಲ್ಲಿ ಐದು ಜನ ಚೆಂಡಿನ ಮುಂದೆ ಸಾಲಾಗಿ ಬಗ್ಗಿ ನಿಲ್ಲುತ್ತಾರೆ. ಒಬ್ಬೊಬ್ಬ ನೂರಮೂವತ್ತು, ನೂರನಲವತ್ತು ಕಿಲೋ ತೂಗುವ ಭೀಮರು. ಇವರ ಕೆಲಸ ಒಂದೇ. ಎದುರಿಂದ ನುಗ್ಗಿ ಬರುವವರನ್ನು ತಡೆಯಬೇಕು, ತಳ್ಳಬೇಕು, ಹಿಂದಿರುವ ತಮ್ಮವನಿಗೆ ದಾರಿ ಬಿಡಿಸಿಕೊಡಬೇಕು. ನಡುವಿನವನು ಚೆಂಡನ್ನು ಹಿಂದಕ್ಕೆ ಕೊಡುವುದು ಬಿಟ್ಟರೆ ಈ ಐವರಿಗೆ ಚೆಂಡಿನ ಸಹವಾಸ ಇಲ್ಲವೆಂದರೂ ನಡೆದೀತು. ಚಪ್ಪಾಳೆ ಬೀಳುವುದು ಓಡಿದವನಿಗೆ. ಪತ್ರಿಕೆಯಲ್ಲಿ ಫೋಟೋ ಬರುವುದು ಎಸೆದವನಿಗೆ. ಈ ಐವರ ಹೆಸರು ಮೈಕಿನಲ್ಲಿ ಕೇಳಿಬಂದರೆ ಏನೋ ತಪ್ಪು ಮಾಡಿ ಸಿಕ್ಕಿಬಿದ್ದಿದ್ದಾರೆ ಅಂತಲೇ ಅರ್ಥ. ಅಂಗಡಿಯಲ್ಲಿ ಗಲ್ಲಾ ಮೇಲೆ ಕೂತ ಸಾಹುಕಾರರು ಎಲ್ಲರಿಗೂ ಗೊತ್ತು, ಗೋದಾಮಿನಲ್ಲಿ ಮೂಟೆ ಹೊರುವವನ ಹೆಸರು ಯಾರು ಕೇಳುತ್ತಾರೆ? ಹಾಗೆ.

ಇಂಥ ಐವರನ್ನು ತಯಾರು ಮಾಡುವುದೇ ಜೋ ಮೂರ್ ಮೇಷ್ಟ್ರ ಕಸುಬು. ಯಾರೂ ನೋಡದ ಆಟಗಾರರಿಗೆ ಯಾರೂ ನೋಡದ ಮೇಷ್ಟ್ರು!

ಮೆಟ್ಟಿಲು ಎಷ್ಟೋ, ಬೀಳುವುದು ಒಂದೇ ಸಲ

ಅಲ್ಲಿನ ಕಾಲೇಜು ಆಟವೆಂದರೆ ನಮ್ಮ ಕಾಲೇಜು ಮೈದಾನದ ಸಂಜೆ ಆಟ ಅಂದುಕೊಳ್ಳಬೇಡಿ. ಮಿಷಿಗನ್ ವಿ.ವಿ.ಯ ಕ್ರೀಡಾಂಗಣದಲ್ಲಿ ಒಂದು ಲಕ್ಷದ ಏಳು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ನೋಟರ್ ಡೇಮ್ ಕ್ರೀಡಾಂಗಣದಲ್ಲಿ 59 ಸಾವಿರ ಆಸನ ಸಾಲದೆ 1997ರಲ್ಲಿ 80 ಸಾವಿರಕ್ಕೆ ಏರಿಸಿದರು. ಟೆಲಿವಿಷನ್ ಹಣ ಬೇರೆ. ಅಂದ ಮೇಲೆ ಇಲ್ಲಿ ಸೋತರೆ ಬರೀ ಸೋಲಲ್ಲ, ನಷ್ಟ.

ಈ ಕಾರ್ಖಾನೆಗೆ ಒಬ್ಬ ಹೆಡ್ ಕೋಚ್. ಆಗ ಅವನ ಕೈಕೆಳಗೆ ಎಂಟೊಂಬತ್ತು ಸಹಾಯಕರಿರುತ್ತಿದ್ದರು. ಓಡುವವರಿಗೆ ಒಬ್ಬ, ಹಿಡಿಯುವವರಿಗೆ ಒಬ್ಬ, ಸಾಲಿನಲ್ಲಿ ನಿಲ್ಲುವವರಿಗೆ ಒಬ್ಬ, ಹೀಗೆ ಪಾಲು. ಇವರಲ್ಲಿ ದಾಳಿ ವಿಭಾಗಕ್ಕೊಬ್ಬ, ರಕ್ಷಣಾ ವಿಭಾಗಕ್ಕೊಬ್ಬ ಮೇಲ್ವಿಚಾರಕ. ಅವರಿಗೆ ಕೋಆರ್ಡಿನೇಟರ್ ಎಂಬ ಪದವಿ. ಮುಂದೆ ಹೆಡ್ ಕೋಚ್ ಆಗುವವರು ಸಾಮಾನ್ಯವಾಗಿ ಈ ಮೆಟ್ಟಿಲಿನಿಂದಲೇ ಏರುತ್ತಾರೆ.

ಕೆಳಗಿನ ಮೆಟ್ಟಿಲು ಗ್ರಾಜುಯೇಟ್ ಅಸಿಸ್ಟೆಂಟ್. ಹೆಸರು ದೊಡ್ಡದು, ಸಂಬಳ ಲೆಕ್ಕಕ್ಕಿಲ್ಲ. ಮೇಲಿನ ಓದು ಓದುತ್ತಾ, ತಂಡದ ಚಾಕರಿ ಮಾಡುತ್ತಾ ಎರಡು ವರ್ಷ ಕಳೆಯಬೇಕು. ಎದುರಾಳಿ ತಂಡದ ಆಟದ ಫಿಲಂ ಹಾಕಿಕೊಂಡು ರಾತ್ರಿಯಿಡೀ ಗುರುತು ಹಾಕಬೇಕು. ಸಣ್ಣ ಕಾಲೇಜಿನಲ್ಲಿ ಒಂದು ಜಾಗ ಸಿಕ್ಕಿದರೆ ಅದೇ ಪುಣ್ಯ. ಅಲ್ಲಿಂದ ಸ್ವಲ್ಪ ದೊಡ್ಡ ಕಾಲೇಜು, ಅಲ್ಲಿಂದ ಮತ್ತೊಂದು. ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲು, ಮನೆ ಬದಲು, ಮಕ್ಕಳ ಸ್ಕೂಲು ಬದಲು. ಆಟದ ಕಾಲ ಮುಗಿದರೆ ಬಿಡುವು ಅಂದುಕೊಂಡೀರಿ! ಆಗ ಊರೂರು ಸುತ್ತಬೇಕು. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುವ ಹುಡುಗ ಎಲ್ಲಿದ್ದಾನೆ ಎಂದು ಹುಡುಕಿ, ಅವನ ಮನೆಗೆ ಹೋಗಿ, ಅವನ ತಾಯಿ ಮಾಡಿಟ್ಟಿದ್ದನ್ನು ತಿಂದು ಹೊಗಳಿ, ನಮ್ಮ ಕಾಲೇಜಿಗೆ ಕಳಿಸಿ ಅಂತ ಒಪ್ಪಿಸಬೇಕು. ಹೆಣ್ಣು ನೋಡಲು ಹೋದವರ ಕಷ್ಟ ಇದರ ಮುಂದೆ ಏನೂ ಅಲ್ಲ.

ಇಷ್ಟೆಲ್ಲ ಮಾಡಿದರೂ ಕುರ್ಚಿ ಗಟ್ಟಿಯಿಲ್ಲ. ಬಹುಪಾಲು ಸಹಾಯಕರಿಗೆ ವರ್ಷ ವರ್ಷಕ್ಕೆ ಕರಾರು. ಹೆಡ್ ಕೋಚ್ ಹೋದರೆ ಸಹಾಯಕರೆಲ್ಲ ಹೋದಂತೆಯೇ. ಹೊಸಬ ಬಂದವನು ತನ್ನವರನ್ನು ಕಟ್ಟಿಕೊಂಡು ಬರುತ್ತಾನೆ. ಹಳಬರಲ್ಲಿ ಒಬ್ಬಿಬ್ಬರನ್ನು ಇಟ್ಟುಕೊಂಡರೆ ಅದು ಅವನ ದಯೆ. ಇಲ್ಲಿ ಎಲ್ಲರ ಹಣೆಬರಹ ಬರೆಯುವವನು ಬ್ರಹ್ಮನಲ್ಲ, ಹೆಡ್ ಕೋಚ್.

ಸಂಬಳದ ವಿಷಯ ಕೇಳಿದರೆ ನಗು ಬರುತ್ತದೆ, ಅಳುವೂ ಬರುತ್ತದೆ. ಅಲ್ಲಿನ ಕಾಲೇಜು ಆಟಗಳ ಯಜಮಾನಿಕೆ ಮಾಡುವ ಸಂಸ್ಥೆ ಎನ್.ಸಿ.ಎ.ಎ. ಖರ್ಚು ಹಿಡಿತ ಮಾಡುವ ನೆಪದಲ್ಲಿ 1991ರಲ್ಲಿ ಅದು ಒಂದು ನಿಯಮ ತಂದಿತು. ಬ್ಯಾಸ್ಕೆಟ್‌ಬಾಲ್ ಮುಂತಾದ ಆಟಗಳಲ್ಲಿ ಕಡೆಯ ಸಾಲಿನ ಸಹಾಯಕ ಕೋಚ್‌ಗೆ ವರ್ಷಕ್ಕೆ 16 ಸಾವಿರ ಡಾಲರ್ ಮೇಲೆ ಕೊಡಕೂಡದು ಎಂದು. ಹೆಡ್ ಕೋಚ್ ಸಂಬಳಕ್ಕೆ ಮಾತ್ರ ಯಾವ ಮಿತಿಯೂ ಇಲ್ಲ! ಬಡಪಾಯಿಗಳು ಕೋರ್ಟಿಗೆ ಹೋದರು. 1998ರ ಮೇ ತಿಂಗಳಲ್ಲಿ ಪರಿಹಾರದ ಲೆಕ್ಕ ಸುಮಾರು ಆರು ಕೋಟಿ 70 ಲಕ್ಷ ಡಾಲರ್ ಮುಟ್ಟಿತು. ಕಡೆಗೆ ಮರುವರ್ಷ ಐದು ಕೋಟಿ 45 ಲಕ್ಷ ಡಾಲರಿಗೆ ರಾಜಿಯಾಯಿತು. ಇದರಿಂದ ತಿಳಿಯುವುದಿಷ್ಟು. 1998ರಲ್ಲಿ ಕೋರ್ಟು ಕಂಡ ಸಹಾಯಕ ಕೋಚ್ ಜೋ ಮೂರ್ ಒಬ್ಬರೇ ಅಲ್ಲ.

ಕಾಲ ಬದಲಾಗಿದೆ ಎನ್ನುವುದನ್ನೂ ಹೇಳಬೇಕು. 2018ರಲ್ಲಿ ಲೂಸಿಯಾನಾ ಸ್ಟೇಟ್ ವಿ.ವಿ. ತನ್ನ ರಕ್ಷಣಾ ವಿಭಾಗದ ಕೋಆರ್ಡಿನೇಟರ್‌ಗೆ ವರ್ಷಕ್ಕೆ 25 ಲಕ್ಷ ಡಾಲರ್ ಕೊಟ್ಟಿತು. ಅವನೂ ಲೆಕ್ಕಕ್ಕೆ ಸಹಾಯಕ ಕೋಚೇ. ಆದರೆ ಒಂದು ಊರಿನಲ್ಲಿ ಒಬ್ಬನ ಮಹಡಿ ಮನೆ ನೋಡಿ ಊರೇ ಶ್ರೀಮಂತ ಅನ್ನಲಾದೀತೆ?

ನಲವತ್ತೈದಕ್ಕೆ ಕಾಲೇಜು ಸೇರಿದವರು

ಜೋ ಮೂರ್ ಈ ಮೆಟ್ಟಿಲುಗಳನ್ನು ಕ್ರಮವಾಗಿ ಹತ್ತಿದವರಲ್ಲ. ಹುಟ್ಟಿದ್ದು 1932ರಲ್ಲಿ. ಬಹುಕಾಲ ಹೈಸ್ಕೂಲು ಹುಡುಗರಿಗೆ ಆಟ ಕಲಿಸಿಕೊಂಡಿದ್ದರು. ಪೆನ್ಸಿಲ್ವೇನಿಯಾ ರಾಜ್ಯದ ಉಕ್ಕಿನ ಊರು ಪಿಟ್ಸ್‌ಬರ್ಗ್. ಅದರ ದಕ್ಷಿಣಕ್ಕಿರುವ ಅಪ್ಪರ್ ಸೇಂಟ್ ಕ್ಲೇರ್ ಹೈಸ್ಕೂಲು ಅವರ ಹೆಸರು ಮಾಡಿದ ಜಾಗ. 1977ರಲ್ಲಿ ಪಿಟ್ಸ್‌ಬರ್ಗ್ ವಿ.ವಿ.ಯ ಹೆಡ್ ಕೋಚ್ ಜಾಕಿ ಶೆರಿಲ್ ಇವರನ್ನು ಕರೆದರು. ಬೇರೆಯವರು ಹೆಡ್ ಕೋಚ್ ಆಗಿ ಗದ್ದುಗೆ ಏರುವ ವಯಸ್ಸಿನಲ್ಲಿ, ಅಂದರೆ 45ಕ್ಕೆ, ಮೂರ್ ಕಾಲೇಜಿನಲ್ಲಿ ಸಹಾಯಕನಾಗಿ ಶುರು ಮಾಡಿದರು.

ಆಮೇಲೆ ನೋಡಬೇಕಿತ್ತು. 1979, 1980, 1981, ಸಾಲಾಗಿ ಮೂರು ವರ್ಷ ಪಿಟ್ಸ್‌ಬರ್ಗ್ ತಂಡ ಹನ್ನೊಂದು ಗೆದ್ದು ಒಂದು ಸೋತಿತು. ಚೆಂಡೆಸೆಯುವ ಡ್ಯಾನ್ ಮರೀನೊ ಹೆಸರು ಮನೆಮಾತಾಯಿತು. ಮರೀನೊ ನಿಂತು ಎಸೆಯಲು ಪುರಸೊತ್ತು ಎಲ್ಲಿಂದ ಬಂತು? ಮುಂದೆ ಗೋಡೆಯಂತೆ ನಿಂತ ಐವರಿಂದ. ಆ ಗೋಡೆ ಕಟ್ಟಿದ ಮೇಸ್ತ್ರಿ ಮೂರ್.

ಅವರ ಗರಡಿಯಲ್ಲಿ ತಯಾರಾದವರ ಪಟ್ಟಿ ಸಣ್ಣದಲ್ಲ. ಮಾರ್ಕ್ ಮೇ 1980ರಲ್ಲಿ ದೇಶದ ಶ್ರೇಷ್ಠ ಲೈನ್ ಆಟಗಾರನಿಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿ ಗೆದ್ದರು. ಬಿಲ್ ಫ್ರಾಲಿಕ್‌ರನ್ನು 1985ರಲ್ಲಿ ವೃತ್ತಿಪರ ತಂಡಗಳ ಹಂಚಿಕೆಯಲ್ಲಿ ದೇಶಕ್ಕೇ ಎರಡನೆಯವರಾಗಿ ಆರಿಸಿದರು. ಜಿಂಬೊ ಕೋವರ್ಟ್ 1983ರಲ್ಲಿ ಆರನೆಯವರಾಗಿ ಶಿಕಾಗೊ ತಂಡಕ್ಕೆ ಹೋದರು. ರಸ್ ಗ್ರಿಮ್ ಅವರದು ಇನ್ನೂ ಸ್ವಾರಸ್ಯ. ಹೈಸ್ಕೂಲಿನಲ್ಲಿ ಚೆಂಡೆಸೆಯುತ್ತಿದ್ದ ಹುಡುಗ. ಪಿಟ್ಸ್‌ಬರ್ಗ್‌ನಲ್ಲಿ ಅವನನ್ನು ತಂದು ಸಾಲಿನ ನಡುವೆ ಬಗ್ಗಿ ನಿಲ್ಲಿಸಿದರು. ಅದೇ ಹುಡುಗ ಮುಂದೆ ವಾಷಿಂಗ್ಟನ್ ತಂಡಕ್ಕಾಡಿ ಮೂರು ಸೂಪರ್ ಬೌಲ್ ಗೆದ್ದ. ಗ್ರಿಮ್ 2010ರಲ್ಲಿ, ಕೋವರ್ಟ್ 2020ರಲ್ಲಿ ವೃತ್ತಿಪರ ಫುಟ್‌ಬಾಲಿನ ಕೀರ್ತಿಶಾಲೆ ಸೇರಿದರು. ಒಂದೇ ಕಾಲೇಜು, ಒಬ್ಬನೇ ಮೇಷ್ಟ್ರು, ಕೆಲವೇ ವರ್ಷಗಳ ಅಂತರ!

ಎದುರಿಗಿದ್ದವನನ್ನು ಅವನಿಗೆ ಇಷ್ಟವಿಲ್ಲದಿದ್ದರೂ ಇಲ್ಲಿಂದ ಅಲ್ಲಿಗೆ ಸರಿಸುವುದಕ್ಕಿಂತ ದೊಡ್ಡ ಸುಖವಿಲ್ಲ ಎಂಬ ಅರ್ಥದ ಮಾತೊಂದು ಮೂರ್ ಅವರದೆಂದು ಅಲ್ಲಿ ಪ್ರಚಾರದಲ್ಲಿದೆ. ಮಾತು ತಮಾಷೆಯಾಗಿ ಕಂಡರೂ ಇದರ ಹಿಂದೆ ಲೆಕ್ಕಾಚಾರವಿದೆ. ಸೊಂಟ ಎಷ್ಟು ಬಗ್ಗಬೇಕು, ಮೊದಲ ಹೆಜ್ಜೆ ಯಾವ ಕಾಲಿನದು, ಕೈ ಎಲ್ಲಿ ಬೀಳಬೇಕು, ಪಕ್ಕದವನು ಹೊರಟ ಕ್ಷಣಕ್ಕೇ ತಾನೂ ಹೊರಡುವುದು ಹೇಗೆ. ಎತ್ತಿನ ಜೋಡಿಯಲ್ಲಿ ಒಂದು ಎತ್ತು ಅರ್ಧ ಹೆಜ್ಜೆ ಹಿಂದುಳಿದರೆ ಗಾಡಿ ಓರೆಯಾಗುತ್ತದೆ. ಇಲ್ಲಂತೂ ಐದು ಎತ್ತು. ನಾಲ್ವರು ಸರಿಯಾಗಿ ತಡೆದು ಒಬ್ಬ ಎಡವಿದರೆ ನಾಲ್ವರ ಶ್ರಮವೂ ನೀರಿನಲ್ಲಿ ಹೋಮ. ಅದಕ್ಕೇ ಒಂದೇ ಹೆಜ್ಜೆಯನ್ನು ನೂರು ಸಲ, ಇನ್ನೂರು ಸಲ ಮಾಡಿಸಬೇಕು. ಹುಡುಗರಿಗೆ ಬೇಜಾರು ಬರುತ್ತದೆ. ಮೇಷ್ಟ್ರಿಗೆ ಬರಕೂಡದು.

ಆಟಗಾರರಷ್ಟೇ ಅಲ್ಲ, ಕೋಚ್‌ಗಳೂ ಇವರ ಕೈಯಲ್ಲಿ ತಯಾರಾದರು. ಅಪ್ಪರ್ ಸೇಂಟ್ ಕ್ಲೇರ್‌ನಲ್ಲಿ ಇವರ ಬಳಿ ಆಡಿದ ಕರ್ಕ್ ಫೆರೆಂಟ್ಜ್ ಎಂಬ ಹುಡುಗ 1980ರಲ್ಲಿ ಪಿಟ್ಸ್‌ಬರ್ಗ್‌ಗೆ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಬಂದ. ಈ ಹೆಸರು ನೆನಪಿರಲಿ, ಮುಂದೆ ಬರುತ್ತದೆ.

ನೋಟರ್ ಡೇಮ್ ಬುಲಾವ್

1988ರಲ್ಲಿ ನೋಟರ್ ಡೇಮ್‌ನಿಂದ ಕರೆ ಬಂತು. ಅಲ್ಲಿ ಹೆಡ್ ಕೋಚ್ ಲೂ ಹೋಲ್ಟ್ಜ್. ಮೂರ್ ಅವರಿಗೆ ಆಗ 56. ಬಂದ ವರ್ಷವೇ ತಂಡ ಹನ್ನೆರಡಕ್ಕೆ ಹನ್ನೆರಡೂ ಗೆದ್ದಿತು. 1989ರ ಜನವರಿ 2ರಂದು ಫಿಯೆಸ್ಟಾ ಬೌಲ್ ಪಂದ್ಯದಲ್ಲಿ ವೆಸ್ಟ್ ವರ್ಜೀನಿಯಾ ತಂಡವನ್ನು 34-21ರಿಂದ ಹೊಡೆದು ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕೇರಿತು. ಆ ವರ್ಷದ ಸಾಲಿನಲ್ಲಿದ್ದ ಆಂಡಿ ಹೆಕ್ ಅದುವರೆಗೆ ಬೇರೆ ಜಾಗದಲ್ಲಿ ಆಡುತ್ತಿದ್ದವರು. ಮೂರ್ ಬಳಿ ಟ್ಯಾಕಲ್ ಆಗಿ ನಿಂತರು, ಮರುವರ್ಷವೇ ವೃತ್ತಿಪರ ತಂಡದವರು ಮೊದಲ ಸುತ್ತಿನಲ್ಲೇ ಎತ್ತಿಕೊಂಡು ಹೋದರು. 1993ರಲ್ಲಿ ಏರನ್ ಟೇಲರ್ ಎಂಬ ಶಿಷ್ಯ ಲೊಂಬಾರ್ಡಿ ಪ್ರಶಸ್ತಿ ಗೆದ್ದರು.

ಹೀಗೆ ಎಂಟೊಂಬತ್ತು ವರ್ಷ ನಡೆಯಿತು. 1996ರ ನವೆಂಬರಿನಲ್ಲಿ ಹೋಲ್ಟ್ಜ್ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದವರು ಬಾಬ್ ಡೇವಿ. ಹೊರಗಿನವರಲ್ಲ. 1994ರಿಂದ ಅದೇ ತಂಡದ ರಕ್ಷಣಾ ಕೋಆರ್ಡಿನೇಟರ್, ಮೂರ್ ಅವರ ಜೊತೆಯಲ್ಲೇ ಸಹಾಯಕ ಕೋಚ್. ನಿನ್ನೆಯವರೆಗೆ ಪಕ್ಕದ ಕುರ್ಚಿಯಲ್ಲಿ ಕೂತವರು ಇವತ್ತು ಯಜಮಾನರಾದರು. ಇಂಥ ಬದಲಾವಣೆ ಯಾವ ಕಚೇರಿಯಲ್ಲಿ ಆಗಲಿ, ಮೊದಲ ವಾರ ಎಲ್ಲರೂ ಉಸಿರು ಬಿಗಿಹಿಡಿದುಕೊಂಡೇ ಇರುತ್ತಾರೆ.

ಮೂರ್ ಅವರಿಗೆ ಮುಂದಿನ ವರ್ಷ ನೀವು ಬೇಡ ಎಂಬ ಮಾತು ಬಂತು. ವಯಸ್ಸಾಯಿತು, ಇನ್ನಷ್ಟು ವರ್ಷ ದುಡಿಯಬಲ್ಲವರು ಬೇಕು ಎಂಬ ಕಾರಣ ಕೊಟ್ಟರು ಎಂಬುದು ಮೇಷ್ಟ್ರ ದೂರು.

ಆಟದ ಲೀಲೆ ನೋಡಿ. 1997ರ ಜನವರಿ 26ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಸೂಪರ್ ಬೌಲ್ ನಡೆಯಿತು. ಗೆದ್ದದ್ದು ಗ್ರೀನ್ ಬೇ ತಂಡ. ಅದರ ಸಾಲಿನಲ್ಲಿ ಎಡಗಾರ್ಡ್ ಆಗಿ ನಿಂತವರು ಏರನ್ ಟೇಲರ್. ಶಿಷ್ಯ ದೇಶದ ಅತಿ ದೊಡ್ಡ ಪಂದ್ಯ ಗೆದ್ದು ಮೆರೆಯುತ್ತಿದ್ದಾಗ ಕಲಿಸಿದ ಮೇಷ್ಟ್ರ ಕೈಯಲ್ಲಿ ಕೆಲಸವಿಲ್ಲ.

ಪಂಚರ ಮುಂದೆ

ನಮ್ಮಲ್ಲಾದರೆ ಸರ್ಕಾರಿ ನೌಕರನಿಗೆ ಅರವತ್ತು ತುಂಬಿದ ತಿಂಗಳ ಕೊನೆಗೆ ಹಾರ ಹಾಕಿ, ಶಾಲು ಹೊದಿಸಿ, ಒಂದು ಗಡಿಯಾರ ಕೊಟ್ಟು ಮನೆಗೆ ಕಳಿಸುತ್ತಾರೆ. ಅಮೆರಿಕದ ಕಾನೂನು ಬೇರೆ. 1967ರಲ್ಲಿ ಅಲ್ಲಿನ ಸಂಸತ್ತು ಒಂದು ಕಾಯಿದೆ ಮಾಡಿತು. ನಲವತ್ತು ದಾಟಿದವರನ್ನು ವಯಸ್ಸಿನ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆಯಕೂಡದು. ಮೊದಲು 65 ವಯಸ್ಸಿನವರೆಗೆ ಮಾತ್ರ ಈ ರಕ್ಷಣೆ. 1978ರಲ್ಲಿ 70ಕ್ಕೆ ಏರಿಸಿದರು. 1986ರಲ್ಲಿ ಆ ಮಿತಿಯನ್ನೂ ತೆಗೆದರು. ಅಂದರೆ ಹೆಚ್ಚಿನ ಕೆಲಸಗಳಲ್ಲಿ ಇಂಥ ವಯಸ್ಸಿಗೆ ಮನೆಗೆ ಹೋಗು ಎಂದು ಯಜಮಾನ ಹೇಳುವಂತಿಲ್ಲ. ಕೆಲಸ ಬಾರದೆ ಇದ್ದರೆ ತೆಗೆಯಬಹುದು. ಕೂದಲು ನರೆತಿದೆ ಅಂತ ತೆಗೆಯುವಂತಿಲ್ಲ. ಬೇಕೆಂದೇ ಕಾನೂನು ಮುರಿದಿದ್ದರೆ ಬಾಕಿ ಸಂಬಳದ ಎರಡರಷ್ಟು ಕಕ್ಕಬೇಕು.

1998ರ ಜುಲೈನಲ್ಲಿ ಇಂಡಿಯಾನಾದ ಲಫಾಯೆಟ್ ಊರಿನ ಫೆಡರಲ್ ಕೋರ್ಟಿನಲ್ಲಿ ವಿಚಾರಣೆ. ನ್ಯಾಯಾಧೀಶರು ಅಲೆನ್ ಶಾರ್ಪ್. ತೀರ್ಮಾನ ಹೇಳುವುದು ಮಾತ್ರ ಊರ ಸಾಮಾನ್ಯ ಜನರಿಂದ ಆರಿಸಿದ ಪಂಚರು. ಜ್ಯೂರಿ ಅನ್ನುತ್ತಾರಲ್ಲ, ಅದು.

ವಿ.ವಿ. ತನ್ನ ವಾದ ಮುಂದಿಟ್ಟಿತು. ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಮೂರ್ ಅವರ ನಡತೆಯೇ ಕಾರಣ. ಹುಡುಗರನ್ನು ಕೆಟ್ಟದಾಗಿ ಬಯ್ಯುತ್ತಿದ್ದರು, ಕೆಲವೊಮ್ಮೆ ಕೈ ಮಾಡುತ್ತಿದ್ದರು, ನಮ್ಮ ಸಂಸ್ಥೆಯ ಮಟ್ಟಕ್ಕೆ ಅದು ತಕ್ಕದ್ದಲ್ಲ, ಎಂದು.

ಇದು ತಳ್ಳಿಹಾಕುವ ಮಾತಲ್ಲ. ಹಳೇ ಕಾಲದ ಗರಡಿ ಮೇಷ್ಟ್ರುಗಳಿಗೆ ಬಾಯಿ, ಕೈ ಎರಡೂ ಉದ್ದ ಎಂಬುದು ಎಲ್ಲ ದೇಶದಲ್ಲೂ ಕಂಡದ್ದೇ. ಮಕ್ಕಳನ್ನು ಹೊಡೆದು ಕಲಿಸುವುದೇ ಸರಿ ಅಂತ ವಾದಿಸುವವರು ಇನ್ನೂ ಇದ್ದಾರೆ, ಅದು ತಪ್ಪು. ಮೂರ್ ಮೇಷ್ಟ್ರನ್ನು ದೇವರೆಂದು ಪಟದಲ್ಲಿ ಕೂರಿಸುವ ಅಗತ್ಯವೇನೂ ಇಲ್ಲ. ಆದರೆ ಒಂದು ಪ್ರಶ್ನೆ ಏಳುತ್ತದೆ. ಮಟ್ಟಕ್ಕೆ ತಕ್ಕದ್ದಲ್ಲದ ನಡತೆ ಒಂಬತ್ತು ಸೀಸನ್ ಹೇಗೆ ನಡೆಯಿತು? ಚಾಂಪಿಯನ್ ಪಟ್ಟ ಬಂದ ವರ್ಷ ಆ ಕೈ ಉದ್ದವಾಗಿ ಕಾಣಲಿಲ್ಲವೆ?

ಎರಡೂ ಕಡೆ ಕೇಳಿದ ಪಂಚರು ಮೇಷ್ಟ್ರ ಪರ ತೀರ್ಪು ಕೊಟ್ಟರು. ವಯಸ್ಸಿನ ಕಾರಣಕ್ಕೇ ತೆಗೆದದ್ದು ಎಂದರು. ಅಷ್ಟೇ ಅಲ್ಲ, ಬೇಕೆಂದೇ ಮಾಡಿದ್ದು ಎಂದರು. ಬಾಕಿ ಸಂಬಳ 42,935 ಡಾಲರ್. ಬೇಕೆಂದೇ ಮಾಡಿದ್ದಾದ್ದರಿಂದ ಎರಡು ಪಟ್ಟು, 85,870 ಡಾಲರ್. ಆಗಿನ ದರದಲ್ಲಿ ನಮ್ಮ ದುಡ್ಡಿಗೆ 35 ಲಕ್ಷ ದಾಟುತ್ತಿತ್ತು. ಇಲ್ಲಿ ಕೂತು ಕೇಳಿದರೆ ದೊಡ್ಡ ಮೊತ್ತವೇ. ಆದರೆ ಲಕ್ಷಾಂತರ ಜನ ಟಿಕೆಟ್ ಕೊಂಡು ನೋಡುವ ಆಟದ ಲೆಕ್ಕದಲ್ಲಿ ಅದು ಜೇಬಿನ ಚಿಲ್ಲರೆ.

ಮೇಷ್ಟ್ರು ಇನ್ನೊಂದು ಕೇಳಿದ್ದರು. ನನ್ನ ಕೆಲಸ ನನಗೆ ವಾಪಸ್ ಕೊಡಿಸಿ.

ನ್ಯಾಯಾಧೀಶರು ಒಪ್ಪಲಿಲ್ಲ. ಎರಡು ಕಡೆಯವರ ಮನಸ್ಸು ಮುರಿದುಹೋಗಿದೆ, ಆ ಜಾಗದಲ್ಲಿ ಆಗಲೇ ಇನ್ನೊಬ್ಬರು ಇದ್ದಾರೆ, ಮತ್ತೆ ಒಟ್ಟಿಗೆ ದುಡಿಯಿರಿ ಅಂದರೆ ನಡೆಯುವ ಮಾತಲ್ಲ ಎಂಬುದು ಅವರ ಅಭಿಪ್ರಾಯ. ಬದಲಿಗೆ ಮುಂದಿನ ಸಂಬಳದ ಬಾಬ್ತು ಅಂತ ಇನ್ನೂ 75,577 ಡಾಲರ್ ಕೊಡಿಸಿದರು. ಅಲ್ಲಿಗೆ ನ್ಯಾಯ ಸಿಕ್ಕಿತು, ಮೈದಾನ ಸಿಗಲಿಲ್ಲ. 45ಕ್ಕೆ ಕಾಲೇಜು ಸೇರಿ, 56ಕ್ಕೆ ಚಾಂಪಿಯನ್ ಪಟ್ಟ ಕಂಡ ಮನುಷ್ಯನಿಗೆ 66ರಲ್ಲೂ ಬೇಕಿದ್ದದ್ದು ಆ ಮೈದಾನವೇ.

ಇಲ್ಲಿ ಇನ್ನೊಂದು ವಿಷಯ ಗಮನಿಸತಕ್ಕದ್ದು. ಅದೇ ನೋಟರ್ ಡೇಮ್ ಬಿಟ್ಟ ಲೂ ಹೋಲ್ಟ್ಜ್ 1999ರಲ್ಲಿ, ತಮ್ಮ 62ನೇ ವಯಸ್ಸಿನಲ್ಲಿ, ಸೌತ್ ಕ್ಯಾರೊಲೈನಾ ವಿ.ವಿ.ಯಲ್ಲಿ ಹೆಡ್ ಕೋಚ್ ಆಗಿ ಮೈದಾನಕ್ಕಿಳಿದರು. ಮೊದಲ ವರ್ಷ ಹನ್ನೊಂದಕ್ಕೆ ಹನ್ನೊಂದೂ ಸೋಲು! ಆದರೂ ಯಾರೂ ವಯಸ್ಸು ಕೇಳಲಿಲ್ಲ. 2004ರವರೆಗೆ, 67 ತುಂಬುವ ತನಕ ಅಲ್ಲೇ ಇದ್ದರು. ಗಲ್ಲಾ ಮೇಲೆ ಕೂತವನ ನರೆಗೂದಲು ಅನುಭವ. ಮೂಟೆ ಹೊರುವವನದು ಮುಪ್ಪು.

ಬಾಬ್ ಡೇವಿ ಐದು ಸೀಸನ್ ನಡೆಸಿದರು. 35 ಗೆಲುವು, 25 ಸೋಲು. 2001ರ ಕೊನೆಯಲ್ಲಿ ಅವರನ್ನೂ ವಿ.ವಿ. ಮನೆಗೆ ಕಳಿಸಿತು. ಅವರ ಜಾಗಕ್ಕೆ ಬಂದ ಜಾರ್ಜ್ ಓಲಿಯರಿ ಅರ್ಜಿಯಲ್ಲಿ ಸುಳ್ಳು ಬರೆದದ್ದು ಬಯಲಾಗಿ ಐದೇ ದಿನಕ್ಕೆ ಎದ್ದು ಹೋದರು. ಅದು ಬೇರೆಯೇ ಪುರಾಣ.

ಎಂಟುನೂರು ಪೌಂಡು

ಜೋ ಮೂರ್ 2003ರ ಜುಲೈನಲ್ಲಿ ತೀರಿಕೊಂಡರು. 71 ವರ್ಷವಾಗಿತ್ತು.

ಹನ್ನೆರಡು ವರ್ಷ ಕಳೆಯಿತು. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಪ್ರಶಸ್ತಿಗಳಿಗೆ ಬರವಿಲ್ಲ. ಎಸೆಯುವವನಿಗೊಂದು, ಓಡುವವನಿಗೊಂದು, ಒದೆಯುವವನಿಗೂ ಒಂದು. ಸಾಲಿನಲ್ಲಿ ನಿಲ್ಲುವ ಒಬ್ಬೊಬ್ಬ ಆಟಗಾರನಿಗೂ ಇದ್ದವು. ಆದರೆ ಐವರಿಗೂ ಒಟ್ಟಾಗಿ ಕೊಡುವಂಥದ್ದು ಇರಲಿಲ್ಲ. ಐದೂ ಎತ್ತು ಒಟ್ಟಿಗೆ ಎಳೆಯದೆ ಗಾಡಿ ಹೋಗದು ಎಂದ ಮೇಲೆ ಒಂದು ಎತ್ತಿನ ಕೊರಳಿಗೆ ಮಾತ್ರ ಹಾರ ಯಾಕೆ? ಹೀಗೆ ಕೇಳಿದವರಲ್ಲಿ ಏರನ್ ಟೇಲರ್ ಒಬ್ಬರು. 2015ರಲ್ಲಿ ಹೊಸ ಪ್ರಶಸ್ತಿ ಹುಟ್ಟಿತು. ದೇಶದ ಅತ್ಯುತ್ತಮ ಸಾಲಿಗೆ, ಇಡೀ ಸಾಲಿಗೆ. ಹೆಸರು ಜೋ ಮೂರ್ ಪ್ರಶಸ್ತಿ. ಹೆಡ್ ಕೋಚ್‌ಗಳ ಹೆಸರಿನ ಪ್ರಶಸ್ತಿ ಅಲ್ಲಿ ಬೇಕಾದಷ್ಟಿವೆ. ಜೀವಮಾನದಲ್ಲಿ ಕಾಲೇಜು ತಂಡದ ಹೆಡ್ ಕೋಚ್ ಆಗದ ಸಹಾಯಕನ ಹೆಸರಿನದು ಅಪರೂಪ.

ಟ್ರೋಫಿಯೂ ಅದಕ್ಕೆ ತಕ್ಕಂತೆ. ಕೈಯಲ್ಲೆತ್ತಿ ಮುತ್ತಿಡುವ ಬಟ್ಟಲಲ್ಲ. ಸಾಲು ಕಟ್ಟಿ ನಿಂತ ಐವರ ಭಾರೀ ಪ್ರತಿಮೆ, ಸುಮಾರು ಎಂಟುನೂರು ಪೌಂಡ್, ಅಂದರೆ ಮುನ್ನೂರ ಅರವತ್ತು ಕಿಲೋ. ನಾಲ್ಕು ಮೂಟೆ ಅಕ್ಕಿಯಷ್ಟು ತೂಕ. ಒಬ್ಬನಿಂದ ಎತ್ತಲಾಗದು, ಐದಾರು ಜನ ಕೈ ಹಚ್ಚಬೇಕು.

ಮೊದಲ ವರ್ಷ ಅಲಬಾಮಾ ತಂಡದ ಸಾಲು ಗೆದ್ದಿತು. ಎರಡನೇ ವರ್ಷ, 2016ರಲ್ಲಿ, ಅಯೋವಾ ವಿ.ವಿ. ಅಲ್ಲಿನ ಹೆಡ್ ಕೋಚ್ ಯಾರು? ಅಪ್ಪರ್ ಸೇಂಟ್ ಕ್ಲೇರ್ ಹೈಸ್ಕೂಲಿನ ಅದೇ ಹುಡುಗ, ಕರ್ಕ್ ಫೆರೆಂಟ್ಜ್. 1999ರಿಂದ ಅಯೋವಾದಲ್ಲಿ ಹೆಡ್ ಕೋಚ್. ತಮ್ಮ ಗುರು ಮೂರ್ ಎಂದು ಹೇಳಿಕೊಳ್ಳಲು ಸಂಕೋಚವಿಲ್ಲದ ಮನುಷ್ಯ. 2025ರ ಆಗಸ್ಟ್ 1ಕ್ಕೆ ಅವರಿಗೆ ಎಪ್ಪತ್ತು ತುಂಬಿತು. ಆ ವರ್ಷದ ಆಟದ ಕಾಲ ಶುರುವಾದಾಗ ಎಂದಿನಂತೆ ಮೈದಾನದ ಅಂಚಿನಲ್ಲೇ ನಿಂತಿದ್ದರು.

ಮೂರನೇ ವರ್ಷ, 2017. ಆ ಸಲದ ಜೋ ಮೂರ್ ಪ್ರಶಸ್ತಿ ಯಾರಿಗೆ ಎಂದು ಘೋಷಣೆಯಾಯಿತು. ಇಂಡಿಯಾನಾ ರಾಜ್ಯ, ಸೌತ್ ಬೆಂಡ್ ಪಕ್ಕದ ನೋಟರ್ ಡೇಮ್ ವಿಶ್ವವಿದ್ಯಾನಿಲಯ.